‘ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ?’ ಎಂದು ಕೇಳಿದ ಡೊಂಬಿವಲಿಯ ತಾಯಿಗೆ

ಪ್ರಶ್ನೆ: ನಾವು ಉಡುಪಿ ಕಡೆಯವರು. ಮದುವೆಯಾಗಿ ಬಂದು 34 ವರ್ಷ ಆಯಿತು, ಡೊಂಬಿವಲಿಯಲ್ಲೇ ಇದ್ದೇವೆ. ಯಜಮಾನರು ಬ್ಯಾಂಕಿನಿಂದ ನಿವೃತ್ತರು. ಮಗನಿಗೆ 27. ಹೋದ ತಿಂಗಳು ಊಟಕ್ಕೆ ಕೂತಾಗ, ‘ಅಮ್ಮ, ನನಗೆ ಹುಡುಗಿ ನೋಡುವುದು ಬೇಡ, ನಾನು ಗೇ’ ಅಂದ. ಅವತ್ತಿನಿಂದ ಇವರು ಅವನ ಹತ್ತಿರ ಮಾತಾಡಿಲ್ಲ. ಇದೆಲ್ಲ ಹೊರದೇಶದ ಫ್ಯಾಷನ್, ನಮ್ಮ ಕಾಲದಲ್ಲಿ ಮುಂಬಯಿಯಲ್ಲಿ ಇತ್ತಾ ಅಂತ ಕೇಳುತ್ತಾರೆ. ನಿಜ ಹೇಳಬೇಕೆಂದರೆ ನಾನೂ ಕೇಳಿದ್ದಿಲ್ಲ. ಪುಣೆಯಲ್ಲಿ ಒಬ್ಬ ಡಾಕ್ಟರ್ ಇದನ್ನು ಸರಿ ಮಾಡುತ್ತಾರೆ ಎಂದು ಭಾವ ಹೇಳುತ್ತಾರೆ. ಪೊಲೀಸ್ ಕೇಸ್ ಆಗುತ್ತದಾ? ಈಗ ಮದುವೆಗೂ ಕೋರ್ಟು ಒಪ್ಪಿದೆಯಂತೆ, ನಿಜವೇ? — ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಮೊದಲು ಪೊಲೀಸ್ ವಿಷಯ ಮುಗಿಸಿಬಿಡೋಣ. ನಿಮಗೆ ರಾತ್ರಿ ನಿದ್ದೆ ಬರಬೇಕಲ್ಲ.

ಕೇಸ್ ಆಗುವುದಿಲ್ಲ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ, ತಮ್ಮ ಖಾಸಗಿ ಬದುಕಿನಲ್ಲಿ ಹೇಗಿರುತ್ತಾರೆ ಅನ್ನುವುದು ಅಪರಾಧವಲ್ಲ ಎಂದು 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ ಹೇಳಿದರು. ಅಲ್ಲಿಯವರೆಗೆ ಕಾಡುತ್ತಿದ್ದದ್ದು ಐಪಿಸಿಯ 377ನೇ ಕಲಮು. 2024ರ ಜುಲೈ 1ರಂದು ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅದರಲ್ಲಿ ಆ ಕಲಮೇ ಇಲ್ಲ. (ಗಂಡಸಿನ ಮೇಲೆ ಬಲಾತ್ಕಾರ ಆದರೆ ಹಾಕಲು ಇದ್ದ ಕಲಮೂ ಅದರ ಜೊತೆಗೇ ಹೋಯಿತು. ಅದು ನನ್ನಂಥ ವಕೀಲರ ಬೇರೆ ತಕರಾರು.) ಹಾಗಾಗಿ ಯಾರಾದರೂ ‘ಮನೆಗೆ ಹೇಳುತ್ತೇನೆ, ಠಾಣೆಗೆ ಹೇಳುತ್ತೇನೆ’ ಎಂದು ನಿಮ್ಮ ಮಗನ ಹತ್ತಿರ ದುಡ್ಡು ಕೇಳಿದರೆ ಅಪರಾಧಿ ಅವನು, ನಿಮ್ಮ ಮಗನಲ್ಲ.

ಇನ್ನು ಭಾವನವರ ಡಾಕ್ಟರ್. ದಯವಿಟ್ಟು ಹೋಗಬೇಡಿ. ಸಲಿಂಗ ಆಕರ್ಷಣೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ರೋಗಗಳ ಪಟ್ಟಿಯಿಂದ ತೆಗೆಯಿತು. ನಮ್ಮ ದೇಶದ ಮನೋವೈದ್ಯರ ಸಂಘವೂ 2018ರಲ್ಲಿ ಇದು ಕಾಯಿಲೆಯಲ್ಲ ಎಂದು ಹೇಳಿತು. ‘ಸರಿ ಮಾಡುತ್ತೇನೆ’ ಎಂದು ಚಿಕಿತ್ಸೆ ಕೊಡುವುದು ವೃತ್ತಿಗೆ ವಿರುದ್ಧವಾದ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. ಅಂಥ ಡಾಕ್ಟರರ ಮೇಲೆ ದೂರು ಕೊಡಬಹುದು. ಇದನ್ನು ಭಾವನವರಿಗೂ ಹೇಳಿ, ಅವರ ದುಡ್ಡೂ ಉಳಿಯುತ್ತದೆ.

ಈಗ ನಿಮ್ಮ ಯಜಮಾನರ ಪ್ರಶ್ನೆಗೆ ಬರುತ್ತೇನೆ. ‘ನಮ್ಮ ಕಾಲದಲ್ಲಿ ಇತ್ತಾ?’ ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು.

ಇತ್ತು. ನೀವು ಕೇಳಿರಲಿಲ್ಲ ಅನ್ನುವುದೂ ನಿಜ. ಯಾಕೆ ಕೇಳಿರಲಿಲ್ಲ ಅನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. 1996 ಇರಬೇಕು. ನಾನು ಫೋರ್ಟಿನಲ್ಲಿ ಜೂನಿಯರ್ ವಕೀಲಳಾಗಿದ್ದೆ. ಮಾಟುಂಗದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ನಮ್ಮ ಕಡೆಯ ಹುಡುಗನೊಬ್ಬ ಬಂದ. ಹಗಲೆಲ್ಲ ಕೆಲಸ, ಸಂಜೆ ರಾತ್ರಿಶಾಲೆ. ಸ್ಟೇಷನ್ ಹತ್ತಿರ ಅವನನ್ನೂ ಇನ್ನೊಬ್ಬನನ್ನೂ ಖಾಕಿ ತೊಟ್ಟ ಒಬ್ಬ ಹಿಡಿದು, ಒಳಗೆ ಹಾಕುತ್ತೇನೆ ಎಂದು ಹೆದರಿಸಿ, ಕೈಗಡಿಯಾರ ಮತ್ತು ಆ ತಿಂಗಳ ಸಂಬಳ ಕಿತ್ತುಕೊಂಡಿದ್ದ. ದೂರು ಬರೆಯೋಣ ಅಂದೆ. ಹುಡುಗ ಎದ್ದು ನಿಂತುಬಿಟ್ಟ. ‘ಅಕ್ಕಾ, ದೂರು ಬೇಡ. ಊರಿಗೆ ಕಾಗದ ಹೋಗುತ್ತದೆ’ ಅಂದ. ಮತ್ತೆ ಬರಲೇ ಇಲ್ಲ. ಜೈಲಿಗಿಂತ ಊರಿಗೆ ಹೋಗುವ ಕಾಗದಕ್ಕೆ ಅವನು ಜಾಸ್ತಿ ಹೆದರಿದ್ದ. 377ರಲ್ಲಿ ಶಿಕ್ಷೆ ಆದದ್ದು ಕಡಿಮೆ, ಅದನ್ನು ತೋರಿಸಿ ವಸೂಲಿ ಮಾಡಿದ್ದು ಜಾಸ್ತಿ. ನಿಮ್ಮ ಕಿವಿಗೆ ಬೀಳಬಾರದು ಅಂತಲೇ ಆ ಹುಡುಗ ದುಡ್ಡು ಕಳೆದುಕೊಂಡ.

ಹೊರದೇಶದಿಂದ ಬಂದದ್ದು ಯಾವುದು ಅಂತ ಕೇಳಿದರೆ, ಆ ಕಲಮು. 1860ರಲ್ಲಿ ಬ್ರಿಟಿಷರು ಬರೆದ ದಂಡ ಸಂಹಿತೆ 1862ರಿಂದ ಜಾರಿಗೆ ಬಂತು. ‘ಪ್ರಕೃತಿಯ ಕ್ರಮಕ್ಕೆ ವಿರುದ್ಧ’ ಎಂಬ ಮಾತು ಅದರಲ್ಲಿತ್ತು. ಜೀವಾವಧಿಯವರೆಗೂ ಶಿಕ್ಷೆ. ಅದರ ಬೇರು ಇಂಗ್ಲೆಂಡಿನ ಎಂಟನೇ ಹೆನ್ರಿಯ ಕಾಲದ 1533ರ ಕಾನೂನಿನಲ್ಲಿದೆ. ಇಂಗ್ಲೆಂಡಿನವರು 1967ರಲ್ಲಿ ತಮ್ಮ ಕಾನೂನು ಸಡಿಲ ಮಾಡಿಕೊಂಡರು. ನಾವು ಅವರು ಬಿಟ್ಟುಹೋದದ್ದನ್ನು ಇನ್ನೂ 51 ವರ್ಷ ಜೋಪಾನ ಮಾಡಿದೆವು.

ಪ್ರಕೃತಿಯ ಕ್ರಮ ಅಂದರೆ ಏನು? ಆಗಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಸಿಂಧ್‌ನ ಒಂದು ಕೋರ್ಟು 1925ರಲ್ಲಿ ಅರ್ಥ ಹೇಳಿತು: ಗರ್ಭ ನಿಲ್ಲುವ ಸಾಧ್ಯತೆ ಇರಬೇಕು, ಅದೇ ಪ್ರಕೃತಿಯ ಉದ್ದೇಶ ಅಂತ. ಹಾಗಾದರೆ ಮಕ್ಕಳು ಸಾಕು ಅಂದುಕೊಂಡ ಗಂಡ ಹೆಂಡತಿಯ ಗತಿ? ಅದಕ್ಕೆ ನಾಲ್ಕು ವರ್ಷ ಮೊದಲೇ, 1921ರಲ್ಲಿ, ಇದೇ ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆ ಎಂಬವರು ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿದ್ದರು. ಮಹರ್ಷಿ ಕರ್ವೆಯವರ ಮಗ. ಗಣಿತದ ಪ್ರಾಧ್ಯಾಪಕರು. ಈ ಕೆಲಸಕ್ಕಾಗಿ ಕಾಲೇಜಿನ ನೌಕರಿಯನ್ನೂ ಬಿಡಬೇಕಾಯಿತು.

ಈ ಕರ್ವೆಯವರ ಕಥೆ ನನಗೆ ತುಂಬ ಇಷ್ಟ, ಯಾಕೆ ಅಂತ ಹೇಳುತ್ತೇನೆ. 1927ರಲ್ಲಿ ಅವರು ‘ಸಮಾಜಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕ ಶುರು ಮಾಡಿದರು. 1953ರಲ್ಲಿ ಸಾಯುವವರೆಗೂ ನಡೆಸಿದರು. ಲೈಂಗಿಕ ವಿಷಯಗಳ ಬಗ್ಗೆ ಓದುಗರು ಪ್ರಶ್ನೆ ಕಳಿಸುತ್ತಿದ್ದರು, ಕರ್ವೆ ಮುಚ್ಚುಮರೆಯಿಲ್ಲದೆ ಉತ್ತರಿಸುತ್ತಿದ್ದರು. ಇಂಥದ್ದೇ ಅಂಕಣ, ನೋಡಿ. ಸಲಿಂಗ ಸಂಬಂಧದ ಬಗ್ಗೆಯೂ ಪ್ರಶ್ನೆಗಳು ಬರುತ್ತಿದ್ದವು. ಆ ಉತ್ತರಗಳು ಅಶ್ಲೀಲ ಎಂದು ಕೇಸ್ ಆಯಿತು. 1934ರಲ್ಲಿ ಅವರ ಪರವಾಗಿ ನಿಂತ ವಕೀಲರು ಡಾ. ಬಿ.ಆರ್. ಅಂಬೇಡ್ಕರ್. ಲೈಂಗಿಕ ವಿಷಯ ಬರೆದ ಮಾತ್ರಕ್ಕೆ ಅಶ್ಲೀಲ ಆಗುವುದಿಲ್ಲ, ಓದುಗರು ಕೇಳಿದ್ದಕ್ಕೆ ಪತ್ರಿಕೆ ಉತ್ತರಿಸಲೇಬೇಕಲ್ಲವೇ ಎಂಬ ದಾರಿಯಲ್ಲಿ ಅವರು ವಾದಿಸಿದರು. ಸೋತರು. ಕರ್ವೆಯವರಿಗೆ ದಂಡ ಬಿತ್ತು. ಅಂದರೆ ನೀವು ಇವತ್ತು ಕೇಳಿದಂಥ ಪ್ರಶ್ನೆಯನ್ನು ಈ ಊರಿನಲ್ಲಿ 90 ವರ್ಷದ ಹಿಂದೆಯೇ ಯಾರೋ ಕೇಳಿದ್ದರು. ಉತ್ತರ ಕೊಟ್ಟವರು ಕಟಕಟೆ ಹತ್ತಿದರು. ಯಜಮಾನರಿಗೆ ಬೇರೇನೂ ಬೇಡ, ಇದೊಂದನ್ನು ಹೇಳಿ.

ನೀವು ಮುಂಬಯಿಗೆ ಬಂದ ಕಾಲಕ್ಕೆ ಬರೋಣ. ಅಶೋಕ್ ರಾವ್ ಕವಿ ಎಂಬ ಪತ್ರಕರ್ತರು 1986ರಲ್ಲಿ ‘ಸ್ಯಾವಿ’ ಎಂಬ ಮಹಿಳಾ ಪತ್ರಿಕೆಯಲ್ಲಿ ತಾನು ಗೇ ಎಂದು ಹೆಸರು ಹಾಕಿಯೇ ಹೇಳಿಕೊಂಡರು. 1990ರಲ್ಲಿ ‘ಬಾಂಬೆ ದೋಸ್ತ್’ ಎಂಬ ಪತ್ರಿಕೆ ತಂದರು. 1994ರಲ್ಲಿ ಗೆಳೆಯರ ಜೊತೆ ಸೇರಿ ಹಮ್‌ಸಫರ್ ಟ್ರಸ್ಟ್ ಕಟ್ಟಿದರು. ಟ್ರಸ್ಟಿನ ಕೆಲಸ ನಡೆದದ್ದು ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ, ಅದೂ ಮಹಾನಗರ ಪಾಲಿಕೆಯ ಹಳೇ ಕಟ್ಟಡದಲ್ಲಿ. 377 ಇನ್ನೂ ಜೀವಂತ ಇದ್ದ ಕಾಲ ಅದು. ಸರ್ಕಾರದ ಒಂದು ಕೈ ಲಾಠಿ ತೋರಿಸುತ್ತಿತ್ತು, ಇನ್ನೊಂದು ಕೈ ಕೋಣೆ ಬಿಟ್ಟುಕೊಟ್ಟಿತು. ಕಾರಣ ದೊಡ್ಡ ಮನಸ್ಸೇನಲ್ಲ, ಎಚ್‌ಐವಿ. ಅಡಗಿ ಬದುಕುವವರ ಹತ್ತಿರ ಆರೋಗ್ಯ ಇಲಾಖೆ ಹೋಗಲು ಆಗುತ್ತಿರಲಿಲ್ಲ. ಅವರದೇ ಜನ ಬೇಕಾಗಿತ್ತು. ಇದೇ ಎರಡು ನಾಲಿಗೆ ಮುಂದೆ ದೆಹಲಿಯಲ್ಲೂ ಕಾಣಿಸಿತು. 377ರ ವಿರುದ್ಧ ಅಲ್ಲಿನ ಹೈಕೋರ್ಟಿನಲ್ಲಿ ನಡೆದ ಕೇಸಿನಲ್ಲಿ ಗೃಹ ಸಚಿವಾಲಯ ಆ ಕಲಮು ಇರಲಿ ಅಂದಿತು. ಆರೋಗ್ಯ ಸಚಿವಾಲಯದ ಏಡ್ಸ್ ನಿಯಂತ್ರಣ ಸಂಸ್ಥೆ ಅದರಿಂದ ನಮ್ಮ ಕೆಲಸ ಕೆಡುತ್ತಿದೆ ಅಂದಿತು. ಒಂದೇ ಸರ್ಕಾರ, ಎರಡು ಅಫಿಡವಿಟ್ಟು.

ಎಚ್‌ಐವಿ ಮಾತು ಬಂದಾಗ ಗೋವಾದ ಒಬ್ಬ ತಾಯಿ ನೆನಪಾಗುತ್ತಾರೆ. 1989ರಲ್ಲಿ ಡೊಮಿನಿಕ್ ಡಿಸೋಜ ಎಂಬ ಯುವಕ ರಕ್ತದಾನ ಮಾಡಿದರು. ಪರೀಕ್ಷೆಯಲ್ಲಿ ಎಚ್‌ಐವಿ ಕಂಡಿತು. ಗೋವಾದ ಆರೋಗ್ಯ ಕಾನೂನಿನಡಿ ಪೊಲೀಸರು ಅವರನ್ನು ಹಿಡಿದು ಮಾಪುಸಾದ ಹಳೇ ಕ್ಷಯರೋಗದ ಆಸ್ಪತ್ರೆಯಲ್ಲಿ ಎರಡು ತಿಂಗಳಿಗೂ ಜಾಸ್ತಿ ಒಂಟಿಯಾಗಿ ಕೂಡಿಹಾಕಿದರು. ಕೋರ್ಟಿಗೆ ಹೋದ ಅರ್ಜಿಯ ಮೇಲಿದ್ದ ಹೆಸರು ಅವರ ತಾಯಿ ಲೂಸಿ ಡಿಸೋಜ ಅವರದು. ಮುಂಬಯಿ ಹೈಕೋರ್ಟು ಆ ಕಾನೂನನ್ನು ಎತ್ತಿಹಿಡಿಯಿತು, ಆದರೆ ಮಗ ಅಷ್ಟರಲ್ಲಿ ಮನೆಗೆ ಬಂದಿದ್ದರು. 1992ರಲ್ಲಿ ತೀರಿಕೊಂಡರು. ಇದು ನೇರವಾಗಿ ಸಲಿಂಗಿಗಳ ಕೇಸಲ್ಲ. ಆದರೂ ಹೇಳಿದ್ದು ಯಾಕೆಂದರೆ, ಆ ಕೇಸಿನ ಹಿಂದೆ ಇದ್ದ ಮುಂಬಯಿಯ ವಕೀಲ ಆನಂದ್ ಗ್ರೋವರ್ ಅವರೇ ಮುಂದೆ 377ರ ವಿರುದ್ಧ ಕೋರ್ಟಿಗೆ ಹೋದ ನಾಜ್ ಫೌಂಡೇಶನ್ ಎಂಬ ದೆಹಲಿಯ ಏಡ್ಸ್ ಸೇವಾ ಸಂಸ್ಥೆಯ ಪರ ನಿಂತರು.

ಹೆಣ್ಣುಮಕ್ಕಳ ಕಥೆ ಬೇರೆ. ಅವರಿಗೆ ಕಾಟ ರಸ್ತೆಯ ಪೊಲೀಸರಿಂದ ಅಲ್ಲ, ಮನೆಯಿಂದ. ಬೀಗ ಹಾಕಿ ಕೂರಿಸುವುದು, ಅವಸರದ ಮದುವೆ. 1995ರಲ್ಲಿ ಮುಂಬಯಿಯಲ್ಲಿ ‘ಸ್ತ್ರೀ ಸಂಗಮ್’ ಎಂಬ ಗುಂಪು ಹುಟ್ಟಿತು, ಮುಂದೆ ಲೇಬಿಯಾ ಎಂದು ಹೆಸರಾಯಿತು. 1998ರ ಡಿಸೆಂಬರಿನಲ್ಲಿ ಗೋರೆಗಾಂವ್‌ನ ಥಿಯೇಟರಿಗೆ ನುಗ್ಗಿ ‘ಫೈರ್’ ಸಿನಿಮಾ ನಿಲ್ಲಿಸಿದ್ದು ನಿಮಗೂ ನೆನಪಿರಬಹುದು. ಒಂದೇ ಮನೆಯ ಇಬ್ಬರು ಸೊಸೆಯರ ಪ್ರೀತಿಯ ಕಥೆ. ಗಾಜು ಒಡೆದವರು ಇಂಥವರು ನಮ್ಮಲ್ಲಿ ಇಲ್ಲವೇ ಇಲ್ಲ ಅಂದರು. ಆ ಗಲಾಟೆಯ ಸುದ್ದಿ ಓದಿಯೇ ಎಷ್ಟೋ ಹೆಂಗಸರಿಗೆ ತಮ್ಮಂಥವರು ಬೇರೆ ಇದ್ದಾರೆ ಅಂತ ಗೊತ್ತಾಯಿತು.

ಒಂದು ಮಾತು, ಭಾಷೆಯ ಬಗ್ಗೆ. ಕನ್ನಡ ಪತ್ರಿಕೆಗಳು ‘ಸಲಿಂಗಕಾಮಿ’ ಎಂದು ಬರೆಯುತ್ತವೆ. ನಿಮ್ಮನ್ನೂ ಯಜಮಾನರನ್ನೂ ಯಾರೂ ‘ವಿಲಿಂಗಕಾಮಿ ದಂಪತಿ’ ಅನ್ನುವುದಿಲ್ಲವಲ್ಲ. ಮಗನ ಬದುಕನ್ನೆಲ್ಲ ಕಾಮ ಎಂಬ ಒಂದೇ ಪದಕ್ಕೆ ಯಾಕೆ ಕಟ್ಟಬೇಕು? ಅವನು ಗೇ ಅಂದಿದ್ದಾನೆ, ನೀವೂ ಅದನ್ನೇ ಅನ್ನಿ. ಸುಮ್ನೆ ಬೇರೆ ಪದ ಹುಡುಕಬೇಡಿ.

ಹಿಜಡಾ ಸಮುದಾಯವನ್ನಂತೂ ನೀವು ನೋಡಿಯೇ ಇರುತ್ತೀರಿ, ಲೋಕಲ್ ಟ್ರೇನಿನಲ್ಲಿ ಹತ್ತು ರೂಪಾಯಿ ಕೊಟ್ಟೂ ಇರುತ್ತೀರಿ. ಊರಿನಲ್ಲಿ ಮಂಗಳಮುಖಿ ಅನ್ನುತ್ತೇವೆ. ಸವದತ್ತಿ ಯಲ್ಲಮ್ಮನ ಕಡೆ ಹೋದರೆ ಜೋಗಪ್ಪ ಅನ್ನುತ್ತಾರೆ. ಜೋಗತಿ ಮಂಜಮ್ಮನವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಟಿವಿ ಮುಂದೆ ಕೂತು ಖುಷಿಪಟ್ಟೆವು. ಇವರನ್ನು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹುಟ್ಟು ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸಿ, ಹೆಸರು ಬರೆದಿಡಲು ಹೇಳಿತ್ತು. ಬ್ರಿಟಿಷರ ಬುದ್ಧಿ ಅಂತ ಬಿಡೋಣ ಅಂದರೆ, 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿಸಿ ಮತ್ತೆ ಅಂಥದೇ ಪಟ್ಟಿ ಇಡಲು ಹೊರಟವರು ನಮ್ಮವರೇ. ಆಮೇಲೆ ತಿದ್ದಿದರು. ಅದೇ ಕರ್ನಾಟಕ 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೆ ಶೇಕಡಾ 1 ಮೀಸಲಾತಿ ಕೊಟ್ಟ ಮೊದಲ ರಾಜ್ಯವೂ ಆಯಿತು. ನಡುವೆ 2014ರ ಏಪ್ರಿಲ್ 15ರ ಸುಪ್ರೀಂ ಕೋರ್ಟ್ ತೀರ್ಪು ಇದೆ. ತಾನು ಗಂಡೋ ಹೆಣ್ಣೋ ಬೇರೆಯೋ ಎಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದು ಎಂದು ಅದು ಹೇಳಿತು. ನಿಮ್ಮ ಪಕ್ಕದ ಥಾಣೆಯ ಲಕ್ಷ್ಮೀ ನಾರಾಯಣ ತ್ರಿಪಾಠಿ ಆ ಕೇಸಿನಲ್ಲಿ ಕೋರ್ಟಿನ ಮುಂದೆ ಇದ್ದರು. ಮಗನ ವಿಷಯ ಇದಲ್ಲ, ಗೇ ಬೇರೆ, ಟ್ರಾನ್ಸ್‌ಜೆಂಡರ್ ಬೇರೆ. ಆದರೆ ಗುರುತು ಮುಚ್ಚಿಡದೆ ಬೀದಿಯಲ್ಲೇ ಬದುಕಿದವರು ಇವರು. ಪೆಟ್ಟು ಜಾಸ್ತಿ ತಿಂದವರೂ ಇವರೇ.

377ರ ಕೇಸು ಹಾವು ಏಣಿ ಆಟದ ಹಾಗೆ ನಡೆಯಿತು. 1994ರಲ್ಲಿ ದೆಹಲಿಯ ಒಂದು ಸಂಘಟನೆ ತಿಹಾರ್ ಜೈಲಿನಲ್ಲಿ ಕಾಂಡೋಮ್ ಕೊಡಬೇಕೆಂದು, 377 ತೆಗೆಯಬೇಕೆಂದು ಹೈಕೋರ್ಟಿಗೆ ಹೋಯಿತು. ಅದು ಅಲ್ಲೇ ಒಣಗಿತು. 2001ರಲ್ಲಿ ನಾಜ್ ಫೌಂಡೇಶನ್ ಹೊಸ ಅರ್ಜಿ ಹಾಕಿತು. 2004ರಲ್ಲಿ ವಜಾ. ಸುಪ್ರೀಂ ಕೋರ್ಟು 2006ರಲ್ಲಿ ವಾಪಸ್ ಕಳಿಸಿ, ವಿಚಾರಣೆ ಮಾಡಿ ಅಂದಿತು.

ಕೇಸು ಅಲ್ಲಿ ನಡೆಯುತ್ತಿರುವಾಗ ಇಲ್ಲಿ ಜನ ಬೀದಿಗೆ ಬಂದರು. 2008ರ ಆಗಸ್ಟ್ 16. ಆಗಸ್ಟ್ ಕ್ರಾಂತಿ ಮೈದಾನದಿಂದ ಗಿರ್‌ಗಾಂವ್ ಚೌಪಾಟಿಯವರೆಗೆ ಕ್ವಿಯರ್ ಆಜಾದಿ ಮೆರವಣಿಗೆ. (ಗೇ, ಲೆಸ್ಬಿಯನ್, ಟ್ರಾನ್ಸ್‌ಜೆಂಡರ್ ಎಲ್ಲರನ್ನೂ ಸೇರಿಸಿ ಹೇಳುವ ಪದ ಕ್ವಿಯರ್.) 1942ರಲ್ಲಿ ಗಾಂಧೀಜಿ ‘ಭಾರತ ಬಿಟ್ಟು ತೊಲಗಿ’ ಅಂದ ಮೈದಾನ ಅದು. ಬ್ರಿಟಿಷರ ಕಾನೂನಿಗೂ ಅಲ್ಲಿಂದಲೇ ‘ತೊಲಗು’ ಅನ್ನುವುದು ಲೆಕ್ಕ. ನಾನು ಚೌಪಾಟಿ ಕಡೆ ರಸ್ತೆ ಬದಿ ನಿಂತು ನೋಡುತ್ತಿದ್ದೆ. ಎಷ್ಟೋ ಜನ ಮುಖವಾಡ ಹಾಕಿಕೊಂಡಿದ್ದರು. ಹಾಗೆ ಹೋಗುತ್ತಿದ್ದ ಒಬ್ಬ ನನ್ನನ್ನು ನೋಡಿ ‘ಮೇಡಂ, ಹೇಗಿದ್ದೀರಿ?’ ಎಂದು ಅಚ್ಚ ಮಂಗಳೂರು ಕನ್ನಡದಲ್ಲಿ ಕೇಳಿ ಮುಂದೆ ಹೋದ. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಮಾಟುಂಗದ ಆ ಹುಡುಗನಾ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಈಗಿನ ಮೆರವಣಿಗೆಗಳಲ್ಲಿ ಮುಖವಾಡ ಕಡಿಮೆ. ಪುಣೆಯಲ್ಲೂ 2011ರ ಡಿಸೆಂಬರಿನಿಂದ ಮೆರವಣಿಗೆ ಶುರುವಾಯಿತು. ಅಲ್ಲಿ ಬಿಂದುಮಾಧವ ಖಿರೆ ಅವರ ಸಮಪಥಿಕ ಟ್ರಸ್ಟ್ 2002ರಿಂದ ಕೆಲಸ ಮಾಡುತ್ತಾ ಬಂದಿದೆ, ಮರಾಠಿಯಲ್ಲೇ. ಮುಂಬಯಿಯಲ್ಲಿ 2010ರಲ್ಲಿ ಶುರುವಾದ ಕಶಿಶ್ ಚಿತ್ರೋತ್ಸವ ಕಟ್ಟಿದ ಶ್ರೀಧರ್ ರಂಗಾಯನ್ ನಮ್ಮ ಮಂಡ್ಯದವರು, ಗೊತ್ತಾ?

2009ರ ಜುಲೈ 2ರಂದು ದೆಹಲಿ ಹೈಕೋರ್ಟು 377ರ ಹಲ್ಲು ಕಿತ್ತಿತು. ತೀರ್ಪು ಕೊಟ್ಟ ಇಬ್ಬರಲ್ಲಿ ಒಬ್ಬರು ಮುಂಬಯಿಯಿಂದ ಹೋದ ನ್ಯಾಯಮೂರ್ತಿ ಎ.ಪಿ. ಶಾ. ಹಬ್ಬ ಮಾಡಿದ್ದೇ ಮಾಡಿದ್ದು. ನಾಲ್ಕೇ ವರ್ಷಕ್ಕೆ, 2013ರ ಡಿಸೆಂಬರ್ 11ರಂದು, ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. 150 ವರ್ಷದಲ್ಲಿ ಕೇಸ್ ಆದದ್ದು 200 ಜನರ ಮೇಲೂ ಇಲ್ಲ, ಇವರು ತೀರಾ ಸಣ್ಣ ಸಂಖ್ಯೆ, ಬೇಕಾದರೆ ಸಂಸತ್ತು ನೋಡಿಕೊಳ್ಳಲಿ ಎಂಬ ಧಾಟಿ. ನನಗೆ ಸಿಟ್ಟು ಬಂದದ್ದು ಆ ಲೆಕ್ಕಕ್ಕೆ. ಹಿಂದೆ ಹೇಳಿದ ಹುಡುಗ ಆ 200ರಲ್ಲಿ ಇರಲಿಲ್ಲ, ಇರುವುದಕ್ಕೂ ಸಾಧ್ಯವಿರಲಿಲ್ಲ. ಅವನ ಕೈಗಡಿಯಾರ ಯಾವ ರೆಕಾರ್ಡಿನಲ್ಲಿದೆ? ಆ ಕೇಸಿನಲ್ಲಿ ಮಕ್ಕಳ ಪರವಾಗಿ ಕೆಲವು ಅಪ್ಪ ಅಮ್ಮಂದಿರೂ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ದರು. ಈ ಕಾನೂನು ನಮ್ಮ ಸಂಸಾರಗಳನ್ನೂ ಹೆದರಿಸುತ್ತದೆ ಅಂತ.

ದಾರಿ ಬಿಡಿಸಿದ್ದು ಸಂಬಂಧವೇ ಇಲ್ಲ ಅನ್ನಿಸುವ ಇನ್ನೊಂದು ಕೇಸು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ವಿರುದ್ಧ ಕೋರ್ಟಿಗೆ ಹೋಗಿದ್ದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಜನ ಕಡಿಮೆ ಇದ್ದಾರೆ ಅಂತ ಹಕ್ಕು ಕೊಡದೆ ಇರಲಾಗದು ಎಂಬ ಮಾತೂ ಅದರಲ್ಲಿ ಬಂತು. ಮುಂದಿನ ವರ್ಷ 377 ಬಿತ್ತು. ಬೆಂಗಳೂರಿನ ಅಕ್ಕೈ ಪದ್ಮಶಾಲಿಯವರೂ ಆ ಹೋರಾಟದ ಅರ್ಜಿದಾರರಲ್ಲಿ ಒಬ್ಬರು. ಇತಿಹಾಸ ಈ ಜನರಿಗೂ ಅವರ ಕುಟುಂಬಗಳಿಗೂ ಕ್ಷಮೆ ಕೇಳಬೇಕಾಗಿದೆ ಎಂದು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. ‘ಕುಟುಂಬಗಳಿಗೂ’ ಅನ್ನುವುದನ್ನು ಗಮನಿಸಿ. ಅದರಲ್ಲಿ ನೀವೂ ಬಂದಿರಿ.

ಈಗ ಮದುವೆ. ಯಾರೋ ಹೇಳಿದ್ದು ತಪ್ಪು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು, ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡಬೇಕಾದದ್ದು ಸಂಸತ್ತು ಎಂದು ಹೇಳಿತು. ಐವರಲ್ಲಿ ಇಬ್ಬರು, ಮದುವೆ ಅನ್ನದೆ ಬೇರೆ ರೀತಿಯ ಮಾನ್ಯತೆಯಾದರೂ ಕೊಡಬಹುದು ಅಂದರು. ಮೂವರು ಒಪ್ಪಲಿಲ್ಲ. ಜೋಡಿಯಾಗಿ ದತ್ತು ತೆಗೆದುಕೊಳ್ಳುವುದಕ್ಕೂ ದಾರಿ ಸಿಗಲಿಲ್ಲ. ಮರುಪರಿಶೀಲನೆ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು. ಗೋವಾದ ವಸ್ತ್ರ ವಿನ್ಯಾಸಕ ವೆಂಡೆಲ್ ರಾಡ್ರಿಕ್ಸ್ 2002ರಲ್ಲಿ ಸಂಗಾತಿಯ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದು ನಿಜ. ಆದರೆ ಅದು ಫ್ರೆಂಚ್ ಕಾನೂನಿನಡಿ, ಸಂಗಾತಿ ಫ್ರಾನ್ಸಿನವರು.

ಆ ಮದುವೆ ಕೇಸಿನ ಸಮಯದಲ್ಲಿ, 2023ರ ಏಪ್ರಿಲಿನಲ್ಲಿ, ‘ಸ್ವೀಕಾರ್’ ಎಂಬ ಪೋಷಕರ ಗುಂಪಿನ 400ಕ್ಕೂ ಹೆಚ್ಚು ಅಪ್ಪ ಅಮ್ಮಂದಿರು ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ನಮಗೆ ವಯಸ್ಸಾಗುತ್ತಿದೆ, ಬದುಕಿರುವಾಗಲೇ ಮಕ್ಕಳ ಮದುವೆಗೆ ಮಾನ್ಯತೆ ಸಿಕ್ಕಿದ್ದು ನೋಡಬೇಕು ಅಂತ. ಗುಂಪು ಮುಂಬಯಿಯಲ್ಲೇ ಹುಟ್ಟಿದ್ದು. ನೀವು ಮಾತಾಡಬೇಕಾದವರು ನನಗಿಂತ ಹೆಚ್ಚಾಗಿ ಅವರು. ಮಗನನ್ನೇ ಕೇಳಿ, ಅವನಿಗೆ ಗೊತ್ತಿರಬಹುದು. 2015ರಲ್ಲಿ ಮಗನಿಗೆ ಗಂಡು ಬೇಕು ಎಂದು ಮುಂಬಯಿಯ ಪತ್ರಿಕೆಯಲ್ಲಿ ವಧೂವರ ಜಾಹೀರಾತು ಕೊಟ್ಟ ಪದ್ಮಾ ಅಯ್ಯರ್ ಎಂಬ ತಾಯಿಯೂ ಇದ್ದಾರೆ. ಜಾತಿ ಅಡ್ಡಿಯಿಲ್ಲ, ಆದರೆ ಅಯ್ಯರ್ ಆದರೆ ಒಳ್ಳೆಯದು ಅಂತ ಸೇರಿಸಿದ್ದರು. ಅದಕ್ಕೆ ಬೈಸಿಕೊಂಡರು. ಬೈದದ್ದು ಸರಿಯೇ. ಆದರೂ ಓದಿ ನಕ್ಕುಬಿಟ್ಟೆ. ನಮ್ಮ ತಾಯಂದಿರು ಅಂದರೆ ಹೀಗೇ ಅಲ್ವಾ?

ನೀವು ಕೇಳದೆ ಬಿಟ್ಟ ಒಂದು ವಿಷಯ ಹೇಳಲೇಬೇಕು. ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂದು ಯಾರಾದರೂ ಹುಡುಗಿಯ ಜಾತಕ ತಂದರೆ ವಾಪಸ್ ಕಳಿಸಿ. ಮುಚ್ಚಿಟ್ಟು ಮಾಡಿದ ಮದುವೆಯನ್ನು ವಂಚನೆಯ ಕಾರಣಕ್ಕೆ ರದ್ದು ಮಾಡಿ ಎಂದು ಆ ಹುಡುಗಿ ಕೋರ್ಟಿಗೆ ಹೋಗಬಹುದು. ಹೋಗಬೇಕು ಕೂಡ. ಅಂಥ ಹೆಣ್ಣುಮಕ್ಕಳು ನನ್ನ ಆಫೀಸಿನಲ್ಲಿ ಕೂತು ಅತ್ತಿದ್ದಾರೆ. ಅವರ ತಪ್ಪು ಏನೂ ಇರಲಿಲ್ಲ.

ಯಜಮಾನರು ಮಗನ ಹತ್ತಿರ ಮಾತಾಡುತ್ತಿಲ್ಲ ಅಂದಿರಿ. ಪ್ರೀತಿ, ಸ್ವಾಭಿಮಾನ ಅಂತ ಶುರು ಮಾಡಿದರೆ ಅವರು ಎದ್ದು ಹೋಗಬಹುದು. ಬ್ಯಾಂಕಿನವರಲ್ಲವೇ, ಅವರ ಭಾಷೆಯಲ್ಲೇ ಮಾತು ತೆಗೆಯಿರಿ. ಕ್ವಿಯರ್ ಸಮುದಾಯದವರು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಎಂದು ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ಮದುವೆಯ ಕಾಗದ ಇಲ್ಲದವರಿಗೆ ಸದ್ಯ ನಾಮಿನೇಷನ್ನು, ವಿಲ್ಲು ಇವೇ ಆಧಾರ. ನಾಮಿನಿ ಅಂದರೆ ವಾರಸುದಾರ ಅಲ್ಲ ಅನ್ನುವುದು ಅವರಿಗೆ ನಾನು ಹೇಳಬೇಕಾಗಿಲ್ಲ. ಮುಂದೆ ಮಗನಿಗೆ ಸಂಗಾತಿ ಸಿಕ್ಕಿ ಖಾತೆ ಮಾಡಿಸುವಾಗ ‘ಐದರ್ ಆರ್ ಸರ್ವೈವರ್’ (ಇಬ್ಬರಲ್ಲಿ ಯಾರ ಸಹಿಯಾದರೂ ಸಾಕು) ಹಾಕಿಸಬೇಕೋ, ‘ಜಾಯಿಂಟ್ಲಿ’ (ಇಬ್ಬರ ಸಹಿಯೂ ಬೇಕು) ಹಾಕಿಸಬೇಕೋ ಎಂದು ನಾಳೆ ತಿಂಡಿ ಹೊತ್ತಿಗೆ ಸುಮ್ನೆ ಕೇಳಿ ನೋಡಿ.